ಹುಟ್ಟುವ ಮೊದಲೇ ಸಾಲಿಗೆ ಹೋದ ಶರಣ

ಪುಸ್ತಕ ಓದುವ ಚಟವಿದ್ದವರು ಅದನ್ನೇ ಹೊಟ್ಟೆಪಾಡು ಮಾಡಿಕೊಳ್ಳಬಾರದು ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಹೇಳುವಾಗ ಮುಖವನ್ನು ಸಾಕಷ್ಟು ಗಂಭೀರವಾಗಿ ಇಟ್ಟುಕೊಳ್ಳುತ್ತೇನೆ. ಕೇಳಿದವರು ಪಾಪ, ಇವನಿಗೆ ಎಲ್ಲೋ ದೊಡ್ಡ ಪೆಟ್ಟು ಬಿದ್ದಿರಬೇಕು ಎಂದುಕೊಂಡು ಚಹಾ ಕೊಡಿಸುತ್ತಾರೆ. ಬಿದ್ದದ್ದು ಪೆಟ್ಟೋ ಪ್ರಸಾದವೋ ನನಗೇ ಇನ್ನೂ ಖಚಿತವಿಲ್ಲ. ಚಹಾ ಮಾತ್ರ ಕುಡಿಯುತ್ತೇನೆ.

ಧಾರವಾಡದಲ್ಲಿ ಎಂ.ಎ. ಓದುವಾಗ ನಾನು ಕಲಿತದ್ದು ಮುಖ್ಯವಾಗಿ ಸಂಶಯಪಡುವುದನ್ನು. ಈ ಪದ್ಯ ಈ ಕವಿಯದೇ ಹೌದೇ? ಈ ಸಾಲನ್ನು ನಡುವೆ ಯಾರಾದರೂ ಲಿಪಿಕಾರ ತುರುಕಿರಬಹುದೇ? ಹಾಗೆ ತುರುಕಿದ್ದಕ್ಕೆ ‘ಪ್ರಕ್ಷಿಪ್ತ’ ಎಂದು ಹೆಸರು. ಅಕ್ಕಿಯಲ್ಲಿ ಹರಳು ಆರಿಸಿದಂತೆ ಕಾವ್ಯದಲ್ಲಿ ಪ್ರಕ್ಷಿಪ್ತ ಆರಿಸುವುದರಲ್ಲಿ ನಾನು ಎಷ್ಟು ಪಳಗಿದೆನೆಂದರೆ, ರಜೆಗೆ ಅಣ್ಣಿಗೇರಿಗೆ ಹೋದಾಗ ಅವ್ವ ಹೇಳುವ ನನ್ನ ಬಾಲ್ಯದ ಕಥೆಗಳಲ್ಲೂ ಹರಳು ಹುಡುಕತೊಡಗಿದೆ. “ನಿನ್ನ ಹಡದಾಕಿ ನಾನೋ ನಿಮ್ಮ ಮಾಸ್ತರೋ?” ಎಂದು ಅವ್ವ ಒಂದು ಸಲ ಲಟ್ಟಣಿಗೆ ತೋರಿಸಿದಳು. ಲಟ್ಟಣಿಗೆ ತೋರಿಸಿದಳೋ ಸೌಟೋ, ಈಗ ಸಂಶಯ. ಊರವರ ನೆನಪನ್ನೆಲ್ಲ ಜಾಲಾಡಿದವನಿಗೆ ಕೊನೆಗೆ ತನ್ನ ನೆನಪಿನ ಮೇಲೇ ವಿಶ್ವಾಸ ಹೋಗುತ್ತದೆ. ಆದ್ದರಿಂದ ಇಲ್ಲಿ ಮುಂದೆ ಬರುವುದನ್ನು ನೀವು ನಂಬಲೇಬೇಕೆಂಬ ಹಟ ನನ್ನದಲ್ಲ.

ಓದು ಮುಗಿದ ಮೇಲೆ ಬ್ಯಾಂಕಿನ ಪರೀಕ್ಷೆಗೆ ಕೂಡ್ರುವುದಿಲ್ಲ, ಪುಸ್ತಕದ ಜೊತೆಗೇ ಇರುವ ನೌಕರಿ ಮಾಡುತ್ತೇನೆ ಎಂದು ಮನೆಯಲ್ಲಿ ಘೋಷಿಸಿದೆ. ಕುಂದಗೋಳದ ಕಾಕಾ ಅಂದು ನಮ್ಮಲ್ಲೇ ಊಟಕ್ಕಿದ್ದರು. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

“ಓದೂದು ಅಂದ್ರ ಕೆಲಸ ಏನಲೇ? ನಾಳೆ ಊಟ ಮಾಡೂದೂ ಕೆಲಸ, ನನಗ ಪಗಾರ ಕೊಡ್ರಿ ಅಂತೀ.”

“ಪುಸ್ತಕ ಕಾಯೂದು ಕೆಲಸ ಐತಿ ಕಾಕಾ.”

“ಕಾಯಾಕ ಅವೇನು ದನ ಏನೋ? ಬಿಟ್ರ ಯಾರ ಹೊಲಾ ಮೇಯತಾವು?”

ಕಾಕಾನ ಪ್ರಶ್ನೆಗೆ ಉತ್ತರ ಹೊಳೆಯುವ ಮೊದಲೇ ನನಗೆ ನೌಕರಿ ಸಿಕ್ಕಿತು. ನವಲಗುಂದ ತಾಲೂಕಿನ ತಿರ್ಲಾಪುರದಲ್ಲಿ ಹೊಸದಾಗಿ ತೆರೆದ ಗ್ರಂಥಾಲಯಕ್ಕೆ ಹಂಗಾಮಿ ಗ್ರಂಥಪಾಲಕ. ಎಂಬತ್ತರ ದಶಕದ ಶುರುವಿನ ಮಾತು. ಗ್ರಂಥಾಲಯವೆಂದರೆ ಊರಿನ ಮಠಕ್ಕೆ ಅಂಟಿಕೊಂಡ ಒಂದು ಖೋಲಿ. ಎರಡು ಕಬ್ಬಿಣದ ಕಪಾಟು, ಕೂಡ್ರಲು ಒಂದು ಉದ್ದನೆಯ ಬಾಕು, ಕಿಟಕಿಯಾಚೆ ದಿಗಂತದವರೆಗೂ ಕರಿ ನೆಲ. ನಾನು ಮೊದಲ ದಿನ ಕಪಾಟು ತೆರೆದು ಹೊಸ ಪುಸ್ತಕಗಳ ವಾಸನೆ ತೆಗೆದುಕೊಂಡೆ. ಜನ್ಮ ಸಾರ್ಥಕವಾಯಿತು ಅನ್ನಿಸಿತು. ಮರುದಿನ ಮೇಲಿನ ಕಚೇರಿಯಿಂದ ಸೂಚನೆ ಬಂತು: ಪುಸ್ತಕ ಕಳೆದರೆ ಗ್ರಂಥಪಾಲಕನೇ ಹೊಣೆ. ಅಂದಿನಿಂದ ನನ್ನ ಪರಮ ಶತ್ರು ಯಾರೆಂದರೆ ಓದುಗ. ಯಾರಾದರೂ ಕಪಾಟಿನ ಕಡೆ ಪ್ರೀತಿಯಿಂದ ನೋಡಿದರೆ ಎದ್ದು ಅಡ್ಡ ನಿಲ್ಲುತ್ತಿದ್ದೆ. ಪೇಪರು ಓದಲು ಬಂದವರಿಗೆ ಬಾಕು ತೋರಿಸಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ನಾನೊಬ್ಬನೇ ಕಾದಂಬರಿ ಓದುತ್ತ ಕೂಡುತ್ತಿದ್ದೆ. ಪುಸ್ತಕ ಪ್ರೇಮಿಗೆ ಸರಕಾರ ಕೊಟ್ಟ ಕೆಲಸ ಇಷ್ಟೇ, ಪುಸ್ತಕವನ್ನು ಜನರಿಂದ ಕಾಪಾಡುವುದು. ಕಾಕಾ ದನದ ಮಾತು ಆಡಿದ್ದು ಅಷ್ಟೇನೂ ತಪ್ಪಲ್ಲ.

ಆದರೆ ಊರಿಗೆ ನನ್ನ ಓದಿನ ಮೇಲೆ ಬೇರೆಯೇ ತಕರಾರಿತ್ತು. ಮಠದ ಹಿರಿಯರಾದ ಗೌಡರು ಒಂದು ಸಂಜೆ ಬಂದು ಬಾಕಿನ ಮೇಲೆ ಕುಳಿತು, ಬಹಳ ಹೊತ್ತು ನನ್ನ ತುಟಿಗಳನ್ನೇ ನೋಡಿದರು.

“ಮಾಸ್ತರ, ನಿಮಗ ಓದಾಕ ಬರತೈತೇನ್ರಿ?”

“ಎಂ.ಎ. ಆಗೇತ್ರಿ ಗೌಡ್ರ.”

“ಅದನ್ನ ಯಾರ ಕೇಳ್ಯಾರ? ಬಾಯಿ ಬಿಟ್ಟು, ನಾಕ ಮಂದಿಗೆ ಕೇಳೂ ಹಂಗ ಓದಾಕ ಬರತೈತೇನು ಅಂತ.”

ಬಾಯಿ ಮುಚ್ಚಿಕೊಂಡು ಓದುವವನ ಮೇಲೆ ತಿರ್ಲಾಪುರಕ್ಕೆ ವಿಶ್ವಾಸವಿರಲಿಲ್ಲ. ಒಬ್ಬನೇ ಕದ ಹಾಕಿಕೊಂಡು ಹೋಳಿಗೆ ತಿಂದ ಹಾಗೆ ಅವರಿಗೆ ಅದು. ವಿಚಾರ ಮಾಡಿದರೆ ಅವರದೇ ಹಳೆಯ ಪದ್ಧತಿ, ನಮ್ಮದು ಇತ್ತೀಚಿನದು. ಹಿಂದಿನ ಕಾಲದಲ್ಲಿ ಕಾವ್ಯವೆಂದರೆ ಕಿವಿಗೆ ಬೀಳುವ ವಸ್ತು. ಷಟ್ಪದಿಯ ಮೂರನೆಯ ಸಾಲಿನ ಕೊನೆಯಲ್ಲಿ ಉಸಿರು ಎಳೆದುಕೊಳ್ಳಲು ಜಾಗ ಬಿಟ್ಟದ್ದೇ ಬಾಯಿಬಿಟ್ಟು ಓದುವವನ ಸಲುವಾಗಿ. ಮನಸ್ಸಿನಲ್ಲೇ ಓದುವವನನ್ನು ಕಂಡು ಯಾವುದೋ ದೇಶದ ಜನ ಬೆರಗಾಗಿದ್ದರಂತೆ ಎಂದು ಎಲ್ಲೋ ಓದಿದ್ದೇನೆ. ಎಲ್ಲಿ ಎಂದು ಕೇಳಬೇಡಿ. ಕೇಳಿದರೆ ಆ ದೇಶವೂ ಸಂಶಯಕ್ಕೆ ಬೀಳುತ್ತದೆ.

ಗೌಡರ ಮಾತಿನ ಅರ್ಥ ಬೇಗ ತಿಳಿಯಿತು. ಶ್ರಾವಣ ಬರುತ್ತಿತ್ತು. ಪ್ರತಿ ಶ್ರಾವಣ ಸಂಜೆ ಮಠದಲ್ಲಿ ಒಬ್ಬ ಶರಣರ ಪುರಾಣ ಓದಿ ಅರ್ಥ ಹೇಳುವುದು ಊರಿನ ವಾಡಿಕೆ. ಅವರ ಹೆಸರು ಬರೆಯುವುದಿಲ್ಲ, ಭಕ್ತರಿಗೂ ನನಗೂ ನೆಮ್ಮದಿ ಇರಲಿ. ಓದುತ್ತಿದ್ದ ಶಾಸ್ತ್ರಿಗಳು ದನಿ ಬಿದ್ದುಹೋಗಿ ಮಗಳ ಊರಾದ ದೇವಿಕೊಪ್ಪ ಸೇರಿದ್ದರು.

“ಪುರಾಣ ಸುಸೂತ್ರ ಮಂಗಳಾತು ಅಂದ್ರ, ನಿಮ್ಮ ಮ್ಯಾಲಿನ ಸಾಹೇಬ್ರು ಬಂದಾಗ ಈ ಮನಶ್ಯಾನ್ನ ಕಾಯಂ ಮಾಡ್ರಿ ಅಂತ ನಾನ ಹೇಳ್ತೀನಿ,” ಎಂದರು ಗೌಡರು. “ಇಲ್ಲಾಂದ್ರ ಖೋಲಿ ನಮಗ ಬೇಕಾಗೇತ್ರಿ. ಹತ್ತೀಕಾಳಿನ ಚೀಲ ಮಳಿಯಾಗ ತೊಯ್ಯಾಕ ಹತ್ಯಾವು.”

ದೇವರ ಇರವನ್ನೇ ಪ್ರಶ್ನಿಸುತ್ತಿದ್ದವನು ಹತ್ತೀಕಾಳಿನ ಇರವಿಗೆ ತಲೆಬಾಗಿದೆ. ಮರುವಾರ ಹಣೆಗೆ ವಿಭೂತಿ ಬಳಿದುಕೊಂಡು, ಶಾಸ್ತ್ರಿಗಳು ಬಿಟ್ಟುಹೋದ ಹಳೆಯ ಪುರಾಣದ ಪುಸ್ತಕವನ್ನು ಪೀಠದ ಮೇಲಿಟ್ಟು ಓದಲು ಕುಳಿತೆ. ಗಂಟಲು ಚೆನ್ನಾಗಿತ್ತು. ನನ್ನ ಎಂ.ಎ. ಬಗ್ಗೆ ಒಂದು ಮಾತೂ ಕೇಳದ ಜನ ನನ್ನ ದನಿಯನ್ನು ಮೆಚ್ಚಿ ತಲೆದೂಗಿದರು. ಸುಳ್ಳೇಕೆ ಹೇಳಲಿ, ನನಗೂ ರುಚಿ ಹತ್ತಿತು. ಬೀಗ ಹಾಕಿದ ಕಪಾಟಿನೆದುರು ಸಿಗದ ಸುಖ ಅಲ್ಲಿತ್ತು. ಒಬ್ಬ ಓದಿದರೆ ಇಡೀ ಊರು ಓದಿದ ಹಾಗೆ, ಒಂದು ಪುಸ್ತಕವೂ ಕಳೆಯುವುದಿಲ್ಲ!

ಹೀಗೆ ಸಾಗಿದ್ದಾಗ ಒಂದು ಸಂಜೆ ಶರಣರ ತಂದೆ-ತಾಯಿಯ ಮದುವೆ ಓದಿದವನು, ಮರುದಿನ ಸಂಜೆ ಶರಣರು ಅಕ್ಷರ ಕಲಿಯಲು ಐಗಳ ಸಾಲಿಗೆ ಹೋಗಿ ಓಂಕಾರ ಬರೆದ ಅಧ್ಯಾಯವನ್ನು ಓದಿಬಿಟ್ಟೆ. ನಡುವಿನ ಜನನದ ಅಧ್ಯಾಯ ಬಿಟ್ಟುಹೋಯಿತು.

ಯಾಕೆ ಬಿಟ್ಟೆ? ಇದನ್ನು ನಾನು ಬಹಳ ವರ್ಷ ಬಹಳ ಅಭಿಮಾನದಿಂದ ಹೇಳಿಕೊಂಡು ಬಂದಿದ್ದೇನೆ: ಆ ಅಧ್ಯಾಯದ ಭಾಷೆ ಸಡಿಲ, ಛಂದಸ್ಸು ಕುಂಟು, ಆದ್ದರಿಂದ ಅದು ಪ್ರಕ್ಷಿಪ್ತ, ಆದ್ದರಿಂದ ಬಿಟ್ಟೆ ಎಂದು. ಆದರೆ ಈಚೆಗೆ ಇನ್ನೊಂದು ನೆನಪು ನಡುವೆ ತಲೆ ಹಾಕುತ್ತಿದೆ. ಅದರಲ್ಲಿ ಆ ಹಾಳೆಗಳನ್ನು ಗೆದ್ದಲು ತಿಂದಿದೆ, ಉಳಿದದ್ದು ಚಾಳಣಿಯಂತಾಗಿದೆ. ತೂತಿನ ಛಂದಸ್ಸು ಕುಂಟದೆ ಇನ್ನೇನಾದೀತು? ನನ್ನ ವಿದ್ವತ್ತು ಗೆದ್ದಲಿಗಿಂತ ಮೊದಲು ಬಂತೋ ಆಮೇಲೆ ಬಂತೋ, ಇದನ್ನು ಇತ್ಯರ್ಥ ಮಾಡಬಲ್ಲ ಏಕೈಕ ಸಾಕ್ಷಿ ನಾನು. ಆ ಸಾಕ್ಷಿಯ ಬಗ್ಗೆ ಮೊದಲೇ ಹೇಳಿದ್ದೇನೆ.

ಅದೇನೇ ಇರಲಿ, ಒಂದು ಸಂಗತಿ ನನಗೆ ಯಾವ ವಿಶ್ವವಿದ್ಯಾಲಯವೂ ಕಲಿಸಿರಲಿಲ್ಲ. ಜನನದ ಅಧ್ಯಾಯ ಓದುವ ಸಂಜೆ ಮಠದ ತೊಲೆಗೆ ನಿಜವಾದ ತೊಟ್ಟಿಲು ಕಟ್ಟುತ್ತಾರೆ. ಹೆಂಗಸರು ಜೋಗುಳ ಹಾಡಿ, ಗುಗ್ಗರಿ ಹಂಚಿ, ಮಕ್ಕಳಿಲ್ಲದ ಸೊಸೆಯಂದಿರಿಗೆ ಕಾಯಿ-ಖಣ ಕೊಟ್ಟು ಉಡಿ ತುಂಬುತ್ತಾರೆ. ಆ ವರ್ಷದ ತೊಟ್ಟಿಲು ನೀಲವ್ವ ಎಂಬ ಹಿರಿಯಳ ಮನೆಯದು. ಉಡಿ ತುಂಬಬೇಕಾದದ್ದು ಅವಳ ಸೊಸೆ ಗಂಗವ್ವನಿಗೆ. ಶಾಸ್ತ್ರಿಗಳು ಮದುವೆಗೇ ಎರಡು ಸಂಜೆ ತೆಗೆದುಕೊಳ್ಳುತ್ತಿದ್ದರು; ಅದೇ ಲೆಕ್ಕದಲ್ಲಿ ಜನನ ನಾಳೆ ಎಂದು ನೀಲವ್ವ ಮನೆಯಲ್ಲಿ ಗುಗ್ಗರಿಯ ಕಾಳು ನೆನೆಹಾಕಿ ಕುಳಿತಿದ್ದಾಳೆ. ಮಠಕ್ಕೆ ಹೋಗಿ ಬಂದವರು ಶರಣರು ಸಾಲಿ ಕಲಿತ ಸುದ್ದಿ ಹೇಳಿದ್ದಾರೆ.

ಮರುಸಂಜೆ ತೊಟ್ಟಿಲು ಹೊರಿಸಿಕೊಂಡೇ ನೀಲವ್ವ ಬಂದಳು. ಹಿಂದೆ ಊರಿನ ಹೆಂಗಸರೆಲ್ಲ.

“ಏನ್ರೀ ಮಾಸ್ತರ, ಹುಟ್ಟದ ಕೂಸು ಸಾಲಿಗೆ ಹೆಂಗ ಹೋತ್ರಿ?”

ನಾನು ಪ್ರಕ್ಷಿಪ್ತದ ವಿಚಾರ ವಿವರಿಸಿದೆ. ವಿವರಿಸಿದೆನೆಂದೇ ನೆನಪು, ಅದು ನನ್ನ ಸ್ವಭಾವ. ಮೂಲ ಕವಿ ಇದನ್ನು ಬರೆದಿರಲಿಕ್ಕಿಲ್ಲ, ನಡುವೆ ಯಾರೋ ಸೇರಿಸಿದ್ದಾರೆ ಎಂದೆ.

“ಯಾರರ ಸೇರಿಸಿರ್ಲಿ ಬಿಡ್ರಿ, ಹುಟ್ಟಿದ್ದಂತೂ ಖರೇ ಅಲ್ಲೇನ್ರಿ? ಏನು ಹುಟ್ಟದನ ಸತ್ತರೇನು ಆ ಶರಣರು?”

ಮಂದಿ ನಕ್ಕರು. ಗೌಡರು ನಗಲಿಲ್ಲ. ಅವರ ಕಣ್ಣು ಮೆಲ್ಲಗೆ ನನ್ನ ಗ್ರಂಥಾಲಯದ ಬಾಗಿಲ ಕಡೆ ತಿರುಗಿತು. ಅಲ್ಲಿ ಹತ್ತೀಕಾಳಿನ ಚೀಲಗಳು ಒಂದರ ಮೇಲೊಂದು ಏರುವುದು ನನಗೆ ಕಾಣಿಸಿತು. ಹಿಂದೆ ಹೋಗಿ ಓದುತ್ತೇನೆ ಎಂದೆ. ಪುಸ್ತಕ ತೆರೆದು ತೋರಿಸಿದೆ. ಓದಲು ಏನೂ ಉಳಿದಿರಲಿಲ್ಲ. (ಅಂದರೆ ಗೆದ್ದಲು ನಿಜ. ಆದರೆ ಅದು ಮೊದಲೇ ನನಗೆ ಗೊತ್ತಿತ್ತೇ? ಬಿಡಿ.)

“ಹಾಳಿ ಇಲ್ಲಾಂದ್ರ ಏನಾತು?” ಎಂದಳು ನೀಲವ್ವ, ತೊಟ್ಟಿಲ ಹಗ್ಗ ಬಿಗಿಯುತ್ತ. “ಹುಟ್ಟೂದು ಎಲ್ಲಾರದೂ ಒಂದ ನಮೂನಿ ಇರತೈತಿ. ಬಾಯಿಲೆ ಹೇಳ್ರಿ. ಇಷ್ಟ್ ಓದೀರಿ, ಒಂದು ಕೂಸು ಹುಟ್ಟಸಾಕ ಬರಂಗಿಲ್ಲೇನು?”

ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಗಂಗವ್ವ ಮಾತ್ರ ನಗದೆ, ಕಾಯಿ-ಖಣ ಇಟ್ಟ ತಾಟಿನ ಮುಂದೆ ಮಡಚಿದ ಕೈ ಹಾಗೇ ಇಟ್ಟುಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಪರೀಕ್ಷೆಯಲ್ಲಿ ಅಷ್ಟು ಕಷ್ಟದ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ.

ಕಣ್ಣು ಮುಚ್ಚಿ ಶುರುಮಾಡಿದೆ. ಹೆರಿಗೆಯ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ ದೃಶ್ಯ. ಕುಂದಗೋಳದಲ್ಲಿ ಕಾಕಾನ ಮಗ ಹುಟ್ಟುವಾಗ, ಒಳಗೆ ಕಾಕಿ ನರಳುತ್ತಿದ್ದರೆ, ಹೊರಗೆ ಕಾಕಾ ಏನು ಮಾಡಬೇಕೆಂದು ತಿಳಿಯದೆ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಕಾಳು ಸಿಪ್ಪೆಯ ರಾಶಿಗೆ ಎಸೆದು, ಸಿಪ್ಪೆಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅದನ್ನೇ ಎತ್ತಿ ಶರಣರ ತಂದೆಗೆ ಕೊಟ್ಟೆ. ಪುಷ್ಪವೃಷ್ಟಿ, ದೇವದುಂದುಭಿ ಯಾವುದೂ ನೆನಪಾಗಲಿಲ್ಲ. ಶರಣರ ತಂದೆ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿದರು, ಸಿಪ್ಪೆ ತಿಂದರು, ಒಳಗೆ ಕೂಸು ಅತ್ತ ದನಿ ಕೇಳಿ ಬುಟ್ಟಿಯನ್ನೇ ಒದ್ದು ಎದ್ದರು, ಕಾಳೆಲ್ಲ ಅಂಗಳಕ್ಕೆ ಚೆಲ್ಲಿ ಊರ ಮಂದಿಯೆಲ್ಲ ಆರಿಸಿ ತಿಂದರು ಎಂದೆ. ಒಂದೆರಡು ಕಡೆ ಷಟ್ಪದಿಯ ಧಾಟಿಯಲ್ಲಿ ಎಳೆದೆ. ಉಸಿರು ಸರಿಯಾಗಿ ಸಿಕ್ಕಿತು. ಕಣ್ಣು ಬಿಟ್ಟಾಗ ಗಂಗವ್ವ ಮೊದಲ ಸಲ ನಗುತ್ತಿದ್ದಳು. ಹೆಂಗಸರು ತೊಟ್ಟಿಲು ತೂಗಿ ಹಾಡಲು ಎದ್ದಿದ್ದರು. ಗೌಡರು ಗುಗ್ಗರಿಗೆ ಕೈ ಒಡ್ಡಿದರು. ಆಗ ನನ್ನ ನೌಕರಿ ಉಳಿಯಿತು.

ರಾತ್ರಿ ಹಾಸಿಗೆಯಲ್ಲಿ ನನಗೆ ನೆನಪಾಯಿತು: ಶರಣರ ಕಾಲಕ್ಕೆ ಈ ದೇಶದಲ್ಲಿ ಶೇಂಗಾ ಇರಲೇ ಇಲ್ಲ. ಅದು ಪರಂಗಿಯವರ ಹಡಗಿನಲ್ಲಿ ಎಷ್ಟೋ ನೂರು ವರ್ಷ ತಡವಾಗಿ ಬಂದ ಬೆಳೆ. ಹರಳು ಆರಿಸುವುದನ್ನು ಕಲಿತವನು ಅಕ್ಕಿಗೆ ಹರಳು ಬೆರೆಸಿದ್ದೆ, ಅದೂ ಇಷ್ಟು ದಪ್ಪನೆಯದು.

ಗೌಡರು ಮಾತು ಉಳಿಸಿಕೊಂಡರು. ನಾನು ಕಾಯಂ ಆದೆ. ಕಾಯಂ ಆದವನನ್ನು ವರ್ಗ ಮಾಡಬಹುದಾದ್ದರಿಂದ ಬೇಗನೆ ಅಳ್ನಾವರಕ್ಕೆ ಕಳಿಸಿದರು. ಗಂಗವ್ವನಿಗೆ ಮರುವರ್ಷ ಹೆಣ್ಣುಮಗು ಆಯಿತೆಂದು ಸುದ್ದಿ ಬಂತು, “ಮಾಸ್ತರ ಕೃಪಾ” ಎಂಬ ಒಕ್ಕಣೆ ಸಹಿತ. ಇಂಥ ಕೃಪೆಯನ್ನು ಒಪ್ಪಿಕೊಳ್ಳುವುದೂ ಕಷ್ಟ, ಅಲ್ಲಗಳೆಯುವುದೂ ಕಷ್ಟ.

ನಿವೃತ್ತಿ ಹತ್ತಿರ ಬಂದಿರುವ ಈ ಶ್ರಾವಣದಲ್ಲಿ ಯಾವುದೋ ಕೆಲಸಕ್ಕೆ ನವಲಗುಂದಕ್ಕೆ ಹೋದವನು ತಿರ್ಲಾಪುರದ ಬಸ್ಸು ಹತ್ತಿದೆ. ಅದೃಷ್ಟಕ್ಕೆ ಅದು ತೊಟ್ಟಿಲಿನ ಸಂಜೆಯೇ. ಊರ ಸಾಲಿಯ ಹೊಸ ಮಾಸ್ತರರೊಬ್ಬರು ಪುರಾಣ ಓದುತ್ತಿದ್ದರು. ಪುಸ್ತಕವೂ ಹೊಸ ಮುದ್ರಣದ್ದು, ಗೆದ್ದಲು ಮುಟ್ಟದ್ದು. ಅವರು ಜನನದ ಅಧ್ಯಾಯವನ್ನು ಇದ್ದ ಹಾಗೇ ಓದಿದರು: ಪುಷ್ಪವೃಷ್ಟಿ ಆಯಿತು, ದೇವದುಂದುಭಿ ಮೊಳಗಿತು. ಓದು ಮುಗಿಯಿತು. ಹೆಂಗಸರು ಯಾರೂ ಏಳಲಿಲ್ಲ.

ಕಣ್ಣು ಮಂಜಾಗಿದ್ದ ನೀಲವ್ವ ಕಂಬಕ್ಕೆ ಒರಗಿ ಕುಳಿತಲ್ಲಿಂದಲೇ ಕೂಗಿದಳು: “ಶೇಂಗಾ ಎಲ್ಲಿ ಬಿಟ್ರಿ?”

ಮಾಸ್ತರರು ನಿಟ್ಟುಸಿರುಬಿಟ್ಟು ಪುಸ್ತಕ ಮುಚ್ಚಿದರು. ಆಮೇಲೆ ಬಾಯಿಂದ ಹೇಳಿದರು, ಶರಣರ ತಂದೆ ಕಟ್ಟೆಯ ಮೇಲೆ ಕುಳಿತದ್ದು, ಸಿಪ್ಪೆ ತಿಂದದ್ದು, ಬುಟ್ಟಿ ಒದ್ದದ್ದು. ಆಗ ಹೆಂಗಸರು ಎದ್ದರು. ಗುಗ್ಗರಿಯ ಜೊತೆಗೆ ಒಂದು ಬುಟ್ಟಿ ಹುರಿದ ಶೇಂಗಾ ತಂದು ಅಂಗಳಕ್ಕೆ ಚೆಲ್ಲಿದರು. ಊರೆಲ್ಲ ಬಗ್ಗಿ ಆರಿಸಿತು.

ನಾನು ಹೋಗಿ ನೀಲವ್ವನ ಬಾಜು ಕುಳಿತೆ. ಲೈಬ್ರರಿ ಮಾಸ್ತರ ಎಂದು ಹೇಳಿದ ಮೇಲೆ ಗುರುತು ಹಿಡಿದು ಮುಷ್ಟಿ ಶೇಂಗಾ ಕೊಟ್ಟಳು.

“ನೀಲವ್ವಾ, ಈ ಶೇಂಗಾದ ಕಥಿ ಅವತ್ತ ನಾನ ಹೇಳಿದ್ದಲ್ಲೇನವಾ?”

“ಏ ಇಲ್ಲ ತಗೀರಿ. ನಮ್ಮ ಆಯಿ ಕಾಲದಿಂದ ಬಂದ ಪದ್ಧತಿ ಇದು. ನೀವ ಒಂದ್ ವರ್ಷ ಅದನ್ನ ಬಿಟ್ಟು ಓದಿದ್ರಿ. ನಾ ಬಂದು ಜಗಳಾ ತಗದ ಮ್ಯಾಲೆ ಹೇಳಿದ್ರಿ. ನೆನಪ ಇಲ್ಲೇನು?”

ವಾದಿಸಲು ಬಾಯಿ ತೆರೆದೆ. ಪರಂಗಿಯವರ ಹಡಗು ನಾಲಿಗೆಯ ತುದಿಗೆ ಬಂತು. ಆದರೆ ಅವಳ ಮುಖದಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ, ನನ್ನ ತಲೆಯಲ್ಲಿ ಅದರ ಹೊರತು ಬೇರೇನೂ ಇರಲಿಲ್ಲ. ಅಳ್ನಾವರದ ನನ್ನ ಕಪಾಟುಗಳಲ್ಲಿ ಎಷ್ಟೋ ಲೇಖಕರ ಪುಸ್ತಕಗಳಿವೆ. ಎಲ್ಲಕ್ಕೂ ನಂಬರಿದೆ, ಹೆಸರಿದೆ, ಬೀಗವಿದೆ, ಓದುವವರು ಮಾತ್ರ ಇಲ್ಲ. ನಾನು ಜನ್ಮದಲ್ಲಿ ಕಟ್ಟಿದ್ದು ಒಂದೇ ಅಧ್ಯಾಯ. ಅದಕ್ಕೆ ಹಾಳೆಯಿಲ್ಲ, ಹೆಸರಿಲ್ಲ, ಅದನ್ನು ಬಿಟ್ಟರೆ ಊರು ಏಳುವುದಿಲ್ಲ.

“ಹೌದವಾ, ಆಗ ನಾನ ಬಿಟ್ಟಿದ್ದೆ,” ಎಂದು, ಸುಮ್ಮನೆ ಶೇಂಗಾ ಸುಲಿಯುತ್ತ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಬಾಯೆಲ್ಲ ಒಗರಾಯಿತು. ನೋಡಿದರೆ ಸಿಪ್ಪೆ ತಿನ್ನುತ್ತಿದ್ದೆ.