ಬೇವಿನ ಮರದ ಬಾಣಂತಿ

ಆಕಾಶದಲ್ಲಿ ಎಲ್ಲೋ ಆ ಕರ್ಕಶ ಕೂಗು ಕೇಳಿದರೆ ಇಂದಿಗೂ ನನ್ನ ಮೂಗಿಗೆ ಬಾಣಂತಿ ಕೋಣೆಯ ಅಜವಾನದ ಹೊಗೆ ಬಡಿಯುತ್ತದೆ. ಅದು ಕರಿ ಕೆಂಬರಲಿನ ಕೂಗು. ಹೆಸರು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಐನಾಪುರದ ನಮ್ಮ ಹೊಲದಲ್ಲಿ ಅದು ಬರೀ ಕರಿಹಕ್ಕಿ. ನೋಡಲು ಕೊಕ್ಕರೆಯಂತಿದ್ದರೂ ನೀರಿನ ಹಂಗಿಲ್ಲ. ನಾಲ್ಕೈದು ಕೂಡಿ ಒಣ ಹುಲ್ಲಿನಲ್ಲಿ ಸಾವಕಾಶ ನಡೆಯುತ್ತ, ಕುಡುಗೋಲಿನಂತೆ ಬಾಗಿದ ಕೊಕ್ಕನ್ನು ನೆಲಕ್ಕೆ ಚುಚ್ಚಿ ಹುಳ ಎತ್ತುತ್ತಿದ್ದವು. ಮೈಯೆಲ್ಲ ಕಪ್ಪು, ನೆತ್ತಿ ಮಾತ್ರ ಕುಂಕುಮ ಮೆತ್ತಿದಂತೆ ಕೆಂಪು. ಅಪ್ಪನ ತಾಯಿ, ನಮ್ಮ ಆಯಿ, ಅದನ್ನು ಮುತ್ತೈದಿ ಹಕ್ಕಿ ಎನ್ನುತ್ತಿದ್ದಳು.

ಎಂಬತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಿಗೆ. ನನಗೆ ಹನ್ನೆರಡು ವರ್ಷ. ಊರಿಗೆಲ್ಲ ದ್ರಾಕ್ಷಿಯ ಹುಚ್ಚು ಹಿಡಿದಿತ್ತು. ಅಪ್ಪನೂ ನಮ್ಮ ಹುಲ್ಲಿನ ಪಟ್ಟಿಯನ್ನು ತೋಟ ಮಾಡಲು ಹೊರಟ. ಚಪ್ಪರಕ್ಕೆ ಕಲ್ಲಿನ ಕಂಬಗಳು ಬಂದು ಬಿದ್ದವು. ನಡುವಿನ ಬೇವಿನ ಮರದ ನೆರಳು ಬಳ್ಳಿಗೆ ಆಗದು, ಕಡಿಯಬೇಕು. ಅದರ ತುದಿಯಲ್ಲಿ ಕರಿಹಕ್ಕಿ ಗೂಡು ಕಟ್ಟಿ ಕಾವಿಗೆ ಕೂತಿತ್ತು. ಅಪ್ಪನಿಗೆ ಎದುರಾಡುವವರು ಯಾರು? ಸಿಟ್ಟು ಬಂದರೆ ಎತ್ತುಗಳ ಜೊತೆಗೂ ಮಾತು ಬಿಡುವ ಮನುಷ್ಯ. ಕೊಡಲಿ ಹಿಡಿದವನ ಮುಂದೆ ನಾನು ಬಾಗಿಲಿಗೆ ಅಡ್ಡ ನಿಂತು ಅಳತೊಡಗಿದೆ; ನನ್ನನ್ನು ಪಕ್ಕಕ್ಕೆ ಸರಿಸಿದ. ಒಳಗೆ ಅಕ್ಕ ಹಡೆದು ಹದಿನೈದು ದಿನವಾಗಿತ್ತು. ಕೂಸಿಗೆ ಎಣ್ಣೆ ಹಚ್ಚುತ್ತಿದ್ದ ಆಯಿ ಎಣ್ಣೆಗೈಯಲ್ಲೇ ಹೊರಗೆ ಬಂದಳು.

"ಒಂದ್ ಬಾಣಂತೀನ ಒಳಗ ಬೆಚ್ಚಗ ಮಲಗ್ಸಿ, ಇನ್ನೊಂದನ್ನ ಹೊರಗ ಹಾಕ್ತಿಯೇನಲೇ?"

ಅಪ್ಪ ಹೊಸ್ತಿಲಿಂದ ಹಿಂದಕ್ಕೆ ಬಂದ. "ಮರಿ ಹಾರೂತನಕ ಅಷ್ಟ ನೋಡಬೇ," ಎಂದು ಕೊಡಲಿಯನ್ನು ಮೂಲೆಗಿಟ್ಟ.

ಆಮೇಲೆ ಆ ಗೂಡನ್ನು ಹೆಚ್ಚು ಕಾಯ್ದವನು ಅಪ್ಪನೇ. ಸಂಜೆಯಾದರೆ ಹೊಲದಲ್ಲಿ ಬಿದ್ದಿದ್ದ ಕಂಬಗಳ ಮೇಲೆ ಕೂತು ಕತ್ತೆತ್ತಿ ನೋಡುವನು; ಮನೆಗೆ ಬಂದು ಕೂಸಿನ ಸುದ್ದಿ ಕೇಳಿ, ಗೂಡಿನ ಸುದ್ದಿ ಹೇಳುವನು. "ಮೂರ ಅದಾವು!" ಎಂದು ಬಾಣಂತಿ ಕೋಣೆಯ ಬಾಗಿಲಾಚೆಯಿಂದ ಅಕ್ಕನಿಗೆ ಕೂಗಿದಾಗಿನ ಹಿಗ್ಗು, ಮೊಮ್ಮಗ ಹುಟ್ಟಿದ ದಿನವೂ ಆತನ ದನಿಯಲ್ಲಿರಲಿಲ್ಲ. ಮರಿಗಳು ಹಾರಿದವು. ಮಳೆ ಹಿಡಿದ ಮೇಲೆ ಅಕ್ಕನೂ ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹೋದಳು. ಅಪ್ಪ ಕೊಡಲಿ ಮುಟ್ಟಲಿಲ್ಲ. ಬೇವಿನ ಸುತ್ತ ಒಂದಿಷ್ಟು ಹುಲ್ಲು ಬಿಟ್ಟು ಉಳಿದದ್ದಕ್ಕೆ ಬಳ್ಳಿ ಹಚ್ಚಿದ.

ಅಷ್ಟು ಹುಲ್ಲು ಆ ಹಕ್ಕಿಗಳಿಗೆ ಎಲ್ಲಿ ಸಾಕು? ಸುತ್ತಲ ಬಯಲೆಲ್ಲ ದ್ರಾಕ್ಷಿ, ಕಬ್ಬು ಆದಮೇಲೆ ಅವು ಮರಳಿ ಬರಲಿಲ್ಲ. ತೊಂಬತ್ತರ ದಶಕದ ಕೊನೆಗೆ ನಾನು ಹಡೆಯಲು ತವರಿಗೆ ಬಂದಾಗ ಆಯಿ ಇರಲಿಲ್ಲ. ಬೇವಿನ ಬುಡದ ಹುಲ್ಲು ಮಾತ್ರ ಮೊಣಕಾಲೆತ್ತರ ನಿಂತಿತ್ತು. ಯಾರಿಗಾಗಿ ಇದು ಎಂದು ನಕ್ಕೆ.

"ಅವಕ್ಕೂ ತವರಮನಿ ಇದ ಅಲ್ಲೇನ?" ಎಂದ ಅಪ್ಪ. "ಬಂದ್ರ ಜಾಗಾ ಬೇಕಲ್ಲವಾ."

ಈಗ ಅಪ್ಪನೂ ಇಲ್ಲ, ಆ ಹುಲ್ಲೂ ಇಲ್ಲ. ಆ ಕೂಗು ಕೇಳಿದಾಗಲೆಲ್ಲ ನಿಂತು ಮೇಲೆ ನೋಡುತ್ತೇನೆ. ನಮ್ಮ ಮನೆಯ ಹೆಣ್ಣುಮಗಳು ಹೋಗುತ್ತಿದ್ದಾಳೆ ಅನಿಸುತ್ತದೆ.