ಏರ್ ಫಿಲ್ಟರಿನ ನೀಲಿ ಧೂಳು

ಕೊರೋನಾ ಮುಗಿದು ಎರಡು ವರ್ಷವಾಗಿತ್ತು. ಸರ್ಕಾರಿ ವೈದ್ಯೆಯ ಕೆಲಸದಿಂದ ನಿವೃತ್ತಳಾದ ನಾನು ರಾಯದುರ್ಗದ ಜೀನ್ಸ್ ಹೊಲಿಯುವ ಓಣಿಯೊಂದರಲ್ಲಿ ಬೆಳಗಿನ ಹೊತ್ತು ಮಾತ್ರ ತೆರೆಯುವ ಕ್ಲಿನಿಕ್ ನಡೆಸುತ್ತಿದ್ದೆ. ಮನೆಯಿಂದ ಅಲ್ಲಿಗೆ ಹೋಗಿಬರಲು ನನ್ನ ಹಳೆಯ ನೂರು ಸಿಸಿ ಮೋಟರ್‌ಸೈಕಲ್. ಸಲ್ವಾರ್ ತೊಟ್ಟು, ನರೆಗೂದಲಿನ ಮೇಲೆ ಹೆಲ್ಮೆಟ್ ಏರಿಸಿ ಕಿಕ್ ಹೊಡೆಯುವ ನನ್ನನ್ನು ಬಳ್ಳಾರಿಯ ಕಾನ್ವೆಂಟಿನ ಸಿಸ್ಟರ್‌ಗಳು ನೋಡಿದ್ದರೆ, ‘ವೆರಿ ಅನ್‌ಲೇಡಿಲೈಕ್’ ಎಂದು ಮೊಣಕಾಲು ಜೋಡಿಸಿ ಕೂರಿಸುತ್ತಿದ್ದರು.

ಆ ಗಾಡಿ ಮಡಕಶಿರದ ಕಾಲದ್ದು. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನನಗೆ ಪೋಸ್ಟಿಂಗ್ ಆದಾಗ ಇಲಾಖೆಯ ಜೀಪು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ರೊಳ್ಳದ ಕಡೆಯ ಹಳ್ಳಿಗಳನ್ನು ಮುಟ್ಟಲು ಸಂಬಳದಲ್ಲಿ ಉಳಿಸಿ ಈ ಗಾಡಿ ಕೊಂಡೆ. ಹಿಪ್ಪುನೇರಳೆ ತೋಟಗಳ ತಿರುವಿನಲ್ಲಿ ಅದರ ಸದ್ದು ಕೇಳಿದರೆ ಸಾಕು, ಹೆರಿಗೆಯ ಮನೆಯಲ್ಲಿ ನೀರು ಕಾಯಿಸಲು ಇಡುತ್ತಿದ್ದರು. ಸೋ ಫೇತ್‌ಫುಲ್, ಆಗ.

ಈಗ ಅದಕ್ಕೂ ನನ್ನಂತೆಯೇ ವಯಸ್ಸಾಗಿತ್ತು. ಒಂದು ತಿಂಗಳು ಕ್ಲಚ್ ಕೇಬಲ್ ಕಿತ್ತರೆ ಮುಂದಿನ ತಿಂಗಳು ಪೆಟ್ರೋಲ್ ಟ್ಯಾಂಕಿನ ನಲ್ಲಿ ಸೋರುವುದು. ಆ ಮಾಡೆಲ್ ತಯಾರಾಗುವುದೇ ನಿಂತಿದ್ದರಿಂದ ಸ್ಪೇರ್ ಪಾರ್ಟ್ಸ್ ಸಿಗುತ್ತಿರಲಿಲ್ಲ. ಸ್ಟಾರ್ಟ್ ಆದರೂ ಕೂಡಲೇ ಹೊರಡುವಂತಿಲ್ಲ. ಬಹಳ ಹೊತ್ತು ನಿಂತಲ್ಲೇ ಇಂಜಿನ್ ಬಿಸಿಯಾಗಬೇಕು, ಇಲ್ಲವಾದರೆ ಓಣಿಯ ಕೊನೆಯಲ್ಲಿ ಉಸಿರು ಬಿಡುತ್ತದೆ. ಮೆಕ್ಯಾನಿಕ್ ಮೌಲಾಸಾಬರು ನನ್ನನ್ನು ಕಂಡ ಕೂಡಲೇ ಸ್ಪ್ಯಾನರ್ ಕೆಳಗಿಡುತ್ತಿದ್ದರು.

“ಮೇಡಮ್ಮರ, ನೀವು ರಿಟೈರ್ ಆದ್ರಿ, ಪೆನ್ಶನ್ ತಗೊಂಡ್ರಿ. ಇದೇನು ಪಾಪ ಮಾಡೈತ್ರಿ? ಇದಕ್ಕೂ ಬಿಡುಗಡಿ ಕೊಡ್ರಿ,” ಎಂದು ಒಮ್ಮೆ ಅಂದರು. ನಾನು ಕೊಡಲಿಲ್ಲ.

ಆ ವರ್ಷ ಗಾಡಿಗೆ ಹೊಸ ಕಾಯಿಲೆ ಶುರುವಾಯಿತು. ಆಕ್ಸಿಲರೇಟರ್ ತಿರುಗಿಸಿದರೂ ಪಿಕಪ್ ಇಲ್ಲ, ಕಪ್ಪು ಹೊಗೆ, ಏರಿನಲ್ಲಿ ಏದುಸಿರು. ಮೌಲಾಸಾಬರು ಕಾರ್ಬುರೇಟರ್ ತೊಳೆದರು, ಪ್ಲಗ್ ಬದಲಿಸಿದರು. ಕೊನೆಗೆ ಏರ್ ಫಿಲ್ಟರ್ ತೆಗೆದರು. ಇಂಜಿನ್ ಒಳಗೆಳೆಯುವ ಗಾಳಿಯಿಂದ ಧೂಳನ್ನು ಸೋಸುವ ಸ್ಪಂಜು ಅದು, ಹಳೆಯದಾಗಿ ಪುಡಿಪುಡಿಯಾಗಿತ್ತು. ಬಳ್ಳಾರಿಯ ಗುಜರಿಯಲ್ಲಿ ಹುಡುಕಿ, ಯಾರೂ ಮುಟ್ಟದ ಹಳದಿ ಸ್ಪಂಜೊಂದನ್ನು ತಂದು ಹಾಕಿದರು. ಗಾಡಿ ಮಡಕಶಿರದ ದಿನಗಳಂತೆ ಓಡಿತು. ಮಕ್ಕಳ ಹಾಗೆ ಖುಷಿಪಟ್ಟೆ.

ಇದೇ ಹೊತ್ತಿನಲ್ಲಿ ನನ್ನನ್ನು ಕಾಡುತ್ತಿದ್ದ ಕೇಸು ಲಕ್ಷ್ಮೀದೇವಿಯದು. ನಲವತ್ತೈದರ ಆಸುಪಾಸಿನ ಹೆಂಗಸು. ಕ್ಲಿನಿಕ್ಕಿಗೆ ಅಂಟಿಕೊಂಡಿದ್ದ ಜೀನ್ಸ್ ಯೂನಿಟ್ಟಿನಲ್ಲಿ ಕೆಲಸ. ತಿಂಗಳುಗಳಿಂದ ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಮೇಲುಸಿರು. ಕಫದ ಪರೀಕ್ಷೆ ಎರಡು ಸಲವೂ ನೆಗೆಟಿವ್, ಟಿ.ಬಿ. ಅಲ್ಲ. ನಾನೆಷ್ಟು ಹೇಳಿದರೂ ಮನೆಯವರು ನಂಬಲಿಲ್ಲ. ಕೆಮ್ಮು ನಿಲ್ಲದೆ ಅವರು ನಂಬುವುದಾದರೂ ಹೇಗೆ? ಸೊಸೆ ಸುಜಾತ ಅವಳ ತಟ್ಟೆ ಲೋಟ ಬೇರೆ ಮಾಡಿದ್ದಳು, ಮಗುವನ್ನು ಅಜ್ಜಿಯ ಕೈಗೆ ಕೊಡುತ್ತಿರಲಿಲ್ಲ.

“ಅಕಿ ತಪ್ಪಿಲ್ರಿ, ನನ್ ಮೊಮ್ಮಗನ್ನ ಕಾಪಾಡಾಕತ್ಯಾಳ,” ಎಂದು ಲಕ್ಷ್ಮೀದೇವಿಯೇ ಸೊಸೆಯ ಪರ ವಹಿಸುತ್ತಿದ್ದಳು. “ಆದ್ರ ಅಮ್ಮಾ, ಅವನು ಬಾಗಿಲಾಗ ನಿಂತು ಕೈ ಚಾಚ್ತಾನ್ರಿ.”

ಎರಡು ತಿಂಗಳಾಗಿರಬೇಕು, ಗಾಡಿ ಮತ್ತೆ ಏದುಸಿರು ಬಿಡತೊಡಗಿತು. ನನಗೆ ನಿಜಕ್ಕೂ ಸಿಟ್ಟು ಬಂತು. ಗುಜರಿ ಮಾಲು ಹಾಕಿ ಮೋಸ ಮಾಡಿದಿರಿ ಎಂದು ಮೌಲಾಸಾಬರನ್ನು ಕ್ಲಿನಿಕ್ಕಿನ ಮುಂದಕ್ಕೇ ಕರೆಸಿದೆ. ಅವರು ಪಕ್ಕದ ಮುಚ್ಚಳ ಬಿಚ್ಚಿ ಫಿಲ್ಟರ್ ಹೊರಗೆಳೆದರು. ಹಳದಿ ಸ್ಪಂಜು ಕಾಣಲೇ ಇಲ್ಲ. ಅದರ ಮೇಲೆ ಬೆರಳು ದಪ್ಪದ ನೀಲಿ ಪದರ, ಕಂಬಳಿಯಂತೆ ಒತ್ತಾಗಿ ಕೂತಿತ್ತು. ಚಿವುಟಿದರೆ ಅರಳೆಯಂತೆ ಎದ್ದುಬಂತು.

ನಾನು ತಲೆಯೆತ್ತಿ ನೋಡಿದೆ. ನೆರಳಿದೆಯೆಂದು ದಿನವೂ ಗಾಡಿ ನಿಲ್ಲಿಸಿ, ಇಂಜಿನ್ ಬಿಸಿ ಮಾಡುತ್ತಿದ್ದ ಜಾಗಕ್ಕೆ ಸರಿಯಾಗಿ ಮೇಲೆ ಯೂನಿಟ್ಟಿನ ಎಗ್ಸಾಸ್ಟ್ ಫ್ಯಾನ್ ತಿರುಗುತ್ತಿತ್ತು. ಅದರ ರೆಕ್ಕೆಗಳೂ ನೀಲಿ. ಫಿಲ್ಟರ್ ನನ್ನ ಕೈಯಲ್ಲಿತ್ತು. ಹೊರಗೆ ನಿಂತ ಗಾಡಿ ದಿನದಲ್ಲಿ ಸ್ವಲ್ಪ ಹೊತ್ತು ಎಳೆದುಕೊಂಡ ಗಾಳಿಗೆ ಇಷ್ಟು. ಗೋಡೆಯ ಒಳಗಡೆ?

ಹಾಗೆಯೇ ಒಳಗೆ ಹೋದೆ. ಫ್ಯಾನಿನ ಕೆಳಗೆ ಆರು ಜನ ಹೆಂಗಸರು ನೆಲದ ಮೇಲೆ ಕೂತು, ಹೊಸ ಪ್ಯಾಂಟುಗಳ ತೊಡೆಯ ಭಾಗವನ್ನು ಒರಟಾದ ಎಮರಿ ಪೇಪರಿನಿಂದ ಉಜ್ಜುತ್ತಿದ್ದರು. ಗಾಳಿಯೇ ನೀಲಿಯಾಗಿತ್ತು. ರೆಪ್ಪೆಗಳ ಮೇಲೂ ನೀಲಿ ಹಿಟ್ಟು ಕೂತಿದ್ದ ಲಕ್ಷ್ಮೀದೇವಿ ನನ್ನನ್ನು ಕಂಡು ನಕ್ಕಳು.

“ಬರ್ರಿ ಅಮ್ಮಾ. ಹೊಸಾದನ್ನ ಹಳೇದು ಮಾಡಾದೇ ನನ್ ಕೆಲಸ್ರಿ. ಹಿಂಗ ಸವೆದಿದ್ರನ ಪ್ಯಾಟ್ಯಾಗ ರೇಟು ಜಾಸ್ತಿ.”

ಎಷ್ಟು ವರ್ಷದಿಂದ ಎಂದು ಕೇಳಿದೆ. ನಾಲ್ಕು ವರ್ಷ ಎಂದಳು. ಮೈ ಗಾಡ್, ಎಂದಷ್ಟೇ ನನ್ನ ಬಾಯಿಂದ ಬಂತು.

ಮರುದಿನವೇ ಅವಳನ್ನು ಅನಂತಪುರಕ್ಕೆ ಕರೆದೊಯ್ದು ಸ್ಪೈರೋಮೆಟ್ರಿ ಮಾಡಿಸಿದೆ. ಕೊಳವೆಯೊಂದನ್ನು ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ ಅದು. ಅವಳ ಉಸಿರು ಇರಬೇಕಾದುದಕ್ಕಿಂತ ಬಹಳ ಕಡಿಮೆಯಿತ್ತು. ಧೂಳಿನ ಕೆಲಸ ಬಿಟ್ಟರೆ ಇನ್ನಷ್ಟು ಕೆಡುವುದಿಲ್ಲ, ಸ್ವಲ್ಪ ಸುಧಾರಿಸಲೂಬಹುದು ಎಂದರು ಅಲ್ಲಿನ ವೈದ್ಯರು. ನಾನು ಮನೆಗೇ ಹೋಗಿ ಎಲ್ಲರನ್ನೂ ಕೂರಿಸಿ, ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ, ಕೆಲಸದ ಧೂಳಿನಿಂದ ಬಂದದ್ದು ಎಂದು ಬಿಡಿಸಿ ಹೇಳಿದೆ. ಸುಜಾತ ಎದ್ದು ಹೋಗಿ ಮಗುವನ್ನು ತಂದು ಅತ್ತೆಯ ತೊಡೆಯ ಮೇಲೆ ಕೂರಿಸಿದಳು. ಲಕ್ಷ್ಮೀದೇವಿ ಉಜ್ಜುವ ಕೆಲಸ ಬಿಟ್ಟಳು. ಕೇಸು ಮುಗಿಯಿತು ಎಂದುಕೊಂಡೆ.

ಮುಂದಿನ ಸೋಮವಾರ ಫ್ಯಾನಿನ ವಿಷಯ ಮಾಲೀಕರೊಂದಿಗೆ ಮಾತಾಡಲೆಂದು ಯೂನಿಟ್ಟಿನೊಳಗೆ ಕಾಲಿಟ್ಟೆ. ಲಕ್ಷ್ಮೀದೇವಿ ಕೂರುತ್ತಿದ್ದ ಜಾಗದಲ್ಲಿ, ಮೂಗಿಗೆ ಸೆರಗು ಕಟ್ಟಿಕೊಂಡು ಸುಜಾತ ಎಮರಿ ಪೇಪರ್ ಹಿಡಿದಿದ್ದಳು. ನನ್ನನ್ನು ಕಂಡು ಅವಳು ಸೆರಗು ಸರಿಸಿದಳು.

“ಅತ್ತಿ ಜಾಗ ಖಾಲಿ ಐತಿ ಅಂದ್ರು, ಬಂದ್ನಿರಿ. ಯಾಕ ಹಂಗ ನೋಡ್ತೀರಿ? ನನಗ ಕೆಮ್ಮಿಲ್ರಿ ಇನ್ನಾ.”

ಅಷ್ಟು ವರ್ಷಗಳ ಸರ್ವಿಸಿನಲ್ಲಿ ಯಾವ ರೋಗವೂ ನನ್ನನ್ನು ಆ ‘ಇನ್ನಾ’ದಷ್ಟು ಬೆಚ್ಚಿಬೀಳಿಸಿರಲಿಲ್ಲ. ರೋಗಿಯನ್ನು ಎಬ್ಬಿಸಿ ಕಳಿಸಿದರೆ ಚಿಕಿತ್ಸೆ ಅರ್ಧ ಮಾತ್ರ. ಅವರು ಬಿಟ್ಟೆದ್ದ ಜಾಗದಲ್ಲಿ ಯಾರು ಬಂದು ಕೂತರು ಎಂದು ಹೋಗಿ ನೋಡುವುದು ಉಳಿದರ್ಧ. ನಾನು ಅಲ್ಲೇ, ಆ ಹೆಂಗಸರ ನಡುವೆ ನೆಲದ ಮೇಲೆ ಕೂತೆ. ಮಾಲೀಕರು ಕುರ್ಚಿ ತರಿಸಿದರು. ಬೇಡ, ಫ್ಯಾನು, ಧೂಳು, ಈ ಆರು ಜನರ ಉಸಿರು, ಎಲ್ಲಾ ಮಾತಾಡಿ ಮುಗಿಯುವವರೆಗೂ ನಾನು ಕೂರುವುದು ಇಲ್ಲೇ ಎಂದೆ.