ಸಿಡುಕಪ್ಪನ ಹುಲ್ಲುಗಾಡಿ

ಆಟದ ಮೈದಾನದ ಹುಲ್ಲು ಕತ್ತರಿಸುವವನಿಗೆ ಸಿಡುಕಪ್ಪ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಸುಮ್ಮನೆ ಇಟ್ಟಿರಲಿಲ್ಲ. ಹುಲ್ಲಿನ ಮೇಲೆ ಚಪ್ಪಲಿ ಮೆಟ್ಟಿ ನಡೆದವರನ್ನು ಬೈಯುತ್ತಿದ್ದ, ಬರಿಗಾಲಲ್ಲಿ ನಡೆದವರನ್ನೂ ಬೈಯುತ್ತಿದ್ದ. ಅವನ ಬಾಯಿಗೆ ಬೀಳದೆ ಉಳಿದದ್ದು ಒಂದೇ, ಮೇಲೆ ಕೂತು ಓಡಿಸುತ್ತ ಹುಲ್ಲು ಕತ್ತರಿಸುವ ಆ ಹಳೆಯ ಹುಲ್ಲುಗಾಡಿ. ಅದರ ಬ್ಲೇಡಿಗೆ ತಾನೇ ಸಾಣೆ ಹಿಡಿಯುತ್ತಿದ್ದ, ಅಡಿಯಲ್ಲಿ ಮೆತ್ತಿಕೊಂಡ ಹುಲ್ಲನ್ನು ತಾನೇ ಕೆರೆಯುತ್ತಿದ್ದ, ಆಯಿಲ್ ಕಪ್ಪಾಗುವ ಮೊದಲೇ ಬದಲಿಸುತ್ತಿದ್ದ. ಬೇರೆ ಯಾರೂ ಅದರ ಸೀಟಿನ ಮೇಲೆ ಕೂರುವಂತಿರಲಿಲ್ಲ. ಆ ಸೀಟು ಹೋದರೆ ತನ್ನ ಕಥೆ ಮುಗಿಯಿತೆಂದೇ ಅವನು ನಂಬಿದ್ದ.

ಅಂಥ ಗಾಡಿ ಕೈಕೊಟ್ಟಿತು. ಸ್ಟಾರ್ಟ್ ಏನೋ ಆಗುತ್ತಿತ್ತು. ಬ್ರೇಕ್ ಬಿಟ್ಟು ಮುಂದೆ ಹೋಗಿ, ಒಂದು ಸಣ್ಣ ತಗ್ಗು ಸಿಕ್ಕಿತೋ, ಟಪ್ಪನೆ ನಿಂತುಬಿಡುತ್ತಿತ್ತು. ಸಿಡುಕಪ್ಪನ ಪಿತ್ತ ನೆತ್ತಿಗೇರಿತು. ಪೆಟ್ರೋಲಿಗೆ ನೀರು ಬೆರೆಸಿದ್ದೀಯೆಂದು ಬಂಕಿನವನ ಜನ್ಮ ಜಾಲಾಡಿ, ಟ್ಯಾಂಕ್ ಬರಿದು ಮಾಡಿ ಹೊಸದು ತುಂಬಿದ. ಪ್ಲಗ್ ಬದಲಿಸಿದ. ಏರ್ ಫಿಲ್ಟರ್ ಒದರಿದ. ಕಾರ್ಬುರೇಟರ್ ಬಿಚ್ಚಿ ತೊಳೆದ. ಊಟ ಸೇರದಿರುವುದಕ್ಕೂ, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದಕ್ಕೂ ಈ ಗಾಡಿಯ ಚಿಂತೆಯೇ ಕಾರಣವೆಂದು ಅದರ ಮೇಲೇ ಹೊರಿಸಿ, ಮೊದಲ ಸಲ ಗಾಡಿಯನ್ನೂ ಬೈದ. ಇನ್ನೊಂದು ಸಲ ಕೆಟ್ಟರೆ ಗುಜರಿಗೆ ಹಾಕುತ್ತೇನೆಂದು ಮೈದಾನದ ಮ್ಯಾನೇಜರ್ ಹೇಳಿ ಹೋದ.

ಕೊನೆಗೆ ಹೆಂಡತಿಯ ತಮ್ಮನನ್ನು ಕರೆಸಿದ. ಆತ ಮೆಕ್ಯಾನಿಕ್, ಆಳು ದಢೂತಿ. ಸೀಟಿನ ಮೇಲೆ ಕೂತು ಇಡೀ ಮೈದಾನ ಸುತ್ತಿ ಬಂದ. ಗಾಡಿ ಒಮ್ಮೆಯೂ ಕೆಮ್ಮಲಿಲ್ಲ.

"ಇದಕ್ಕೇನೂ ಆಗಿಲ್ಲ ಭಾವ. ನಿಮ್ಮ ಬೈಗುಳ ಕೇಳಿ ಕೇಳಿ ಮುಷ್ಕರ ಹೂಡಿದೆ, ಅಷ್ಟೇ."

"ನಿನ್ನ ತಮಾಷೆ ನಿಮ್ಮಕ್ಕನ ಹತ್ರ ಇಟ್ಕೋ. ಇಳಿ ಕೆಳಗೆ."

ಸಿಡುಕಪ್ಪ ಹತ್ತಿ ಕೂತ. ನಾಲ್ಕು ಮಾರು ಹೋಗುವಷ್ಟರಲ್ಲಿ ಗಾಡಿ ನಿಂತಿತು.

ಮೆಕ್ಯಾನಿಕ್ ನಗು ನಿಲ್ಲಿಸಿದ. ಬ್ಲೇಡ್ ತಿರುಗಿಸದೆ ನಿಧಾನವಾಗಿ ಓಡಿಸಲು ಹೇಳಿ, ಪಕ್ಕದಲ್ಲೇ ನಡೆಯುತ್ತ ಸೀಟಿನ ಅಂಚನ್ನು ಅಂಗೈಯಿಂದ ಒತ್ತಿ ಹಿಡಿದ. ಗಾಡಿ ಓಡಿತು. ಕೈ ತೆಗೆದ. ನಿಂತಿತು. ಸೀಟಿನ ಕೆಳಗೆ ಒಂದು ಸ್ವಿಚ್ ಇರುತ್ತದೆ, ಕೂತವನ ಭಾರಕ್ಕೆ ಅದು ಒತ್ತಿಕೊಂಡಿರಬೇಕು. ಅವನು ಆಯತಪ್ಪಿ ಬಿದ್ದರೆ ಎಂಜಿನ್ ನಿಂತು, ಬ್ಲೇಡಿನಿಂದ ಕೈಕಾಲು ಉಳಿಯಲೆಂದು ಈ ಏರ್ಪಾಡು. ಮೆಕ್ಯಾನಿಕ್ ಬಗ್ಗಿ ಅದನ್ನು ಮುಟ್ಟಿ, ಒತ್ತಿ ನೋಡಿದ.

"ಸ್ವಿಚ್ಚು, ಸ್ಪ್ರಿಂಗು ಎಲ್ಲಾ ಸರಿಯಿದೆ ಭಾವ. ಮೇಲೆ ಯಾರೂ ಇಲ್ಲ ಅಂದ್ಕೊಳ್ತಿದೆ."

"ಮತ್ತೆ ನಾನೇನು ದೆವ್ವಾನಾ?"

"ನಿಮ್ಮ ಭಾರ ಸಾಲ್ತಿಲ್ಲ."

"ಹಾಗಾದ್ರೆ ಆ ಸ್ವಿಚ್ಚಿನ ಎರಡು ವೈರು ಸೇರಿಸಿ ಕಟ್ಟು, ಗಾಡಿ ನಿಲ್ಲೋದೇ ಬೇಡ."

"ಕಟ್ಟಲ್ಲ. ನೀವು ಬಿದ್ರೆ ಅಕ್ಕನಿಗೆ ಯಾವ ಮುಖ ತೋರಿಸಲಿ?"

ಸಿಡುಕಪ್ಪ ಕೈಗೆ ಸಿಕ್ಕ ಸ್ಪ್ಯಾನರ್ ತೆಗೆದು ಬೀಸಿದ. ಅದು ಹೋಗಿ ಬಿದ್ದದ್ದು ಊಟದ ಡಬ್ಬಿ ಹಿಡಿದು ಬರುತ್ತಿದ್ದ ಹೆಂಡತಿಯ ಕಾಲ ಬುಡದಲ್ಲಿ.

"ಕೇಳಿದ್ಯಾ? ನಿನ್ನ ತಮ್ಮ ನನ್ನನ್ನ ಕಡ್ಡಿ ಅಂತಿದ್ದಾನೆ."

"ಸರಿಯಾಗೇ ಅಂದಿದ್ದಾನೆ." ಎಂದೂ ದನಿ ಎತ್ತದವಳು ಅಂದು ಎತ್ತಿದಳು. "ನಿಮಗೆ ಗೊತ್ತಾಗದ ಹಾಗೆ ಎರಡು ಸಲ ನಿಮ್ಮ ಪ್ಯಾಂಟಿನ ಸೊಂಟ ಹಿಡಿದು ಹೊಲಿದಿದ್ದೀನಿ. ಡಾಕ್ಟ್ರ ಹತ್ರ ಹೋಗೋಣ ಅಂದಾಗೆಲ್ಲ ಬಾಯಿ ಮುಚ್ಚು ಅಂದ್ರಿ, ಮುಚ್ಚಿದೆ. ಇವತ್ತು ಮುಚ್ಚಲ್ಲ. ಪ್ಲಗ್ ನೋಡಿದ್ರಿ, ಪೆಟ್ರೋಲ್ ನೋಡಿದ್ರಿ. ನಿಮ್ಮನ್ನ ಒಂದ್ಸಲ ನೋಡ್ಕೊಂಡ್ರಾ? ಇಳೀರಿ. ಈಗಲೇ ಹೋಗೋಣ."

ಅವನ ಮೇಲೆ ಯಾರಿಗಾದರೂ ಸಿಟ್ಟು ಬರಬೇಕಾದದ್ದೇ. ಎಂಜಿನ್ನಿನ ಸದ್ದು ಎಳ್ಳಷ್ಟು ಬದಲಾದರೂ ತಿಳಿಯುವ ಮನುಷ್ಯನಿಗೆ ತನ್ನ ಮೈ ಇಳಿಯುತ್ತಿರುವುದು ತಿಳಿದಿರಲಿಲ್ಲವೇ? ತಿಳಿದಿತ್ತು. ಹೆದರಿಕೆಯಾಗಿತ್ತು, ಅದನ್ನೂ ಬೈದು ಬೈದು ಬಾಯಿ ಮುಚ್ಚಿಸಿದ್ದ.

ಹೆಂಡತಿ ಕೈ ಚಾಚಿದಳು. ಅದನ್ನು ತಳ್ಳಿ, ಸ್ಟೀರಿಂಗ್ ಹಿಡಿದು ತಾನೇ ಏಳಲು ನೋಡಿದ. ಆಗಲಿಲ್ಲ. ಇನ್ನೊಮ್ಮೆ ನೋಡಿದ. ಆಮೇಲೆ ಅವಳ ಕೈ ಹಿಡಿದೇ ಇಳಿದ. ಗೇಟಿನವರೆಗೂ ಅವಳನ್ನೂ, ಅವಳ ತಮ್ಮನನ್ನೂ, ಅವಳ ತವರನ್ನೂ ಬಾಯಿಗೆ ಬಂದ ಹಾಗೆ ಬೈಯುತ್ತಲೇ ನಡೆದ, ಕೈ ಮಾತ್ರ ಬಿಡಲಿಲ್ಲ.